ಮಾತ್ರೆ ನುಂಗದವರಲ್ಲೂ ಮಾತ್ರೆಗೆ ಬಗ್ಗದ ರೋಗಾಣು ಬರುವುದು ಹೇಗೆ?

ಪ್ರಶ್ನೆ: ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ.

ಎಪ್ಪತ್ತು ದಾಟಿದ ನಮ್ಮ ಆಯಿಗೆ ಈ ಮಳೆಗಾಲದಲ್ಲಿ ಉರಿಮೂತ್ರವೂ ಚಳಿಜ್ವರವೂ ಕಾಣಿಸಿಕೊಂಡವು. ಮೊದಲು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯಿಂದ ಜ್ವರ ಇಳಿಯದಿದ್ದಾಗ ವೈದ್ಯರು ಮೂತ್ರದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರು. ವರದಿಯಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು, ಅದರ ಪಕ್ಕದಲ್ಲಿ 'ಇಎಸ್‌ಬಿಎಲ್ ಪಾಸಿಟಿವ್' ಎಂದು ಬರೆದಿತ್ತು. ಕೆಳಗಿನ ಪಟ್ಟಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವುಗಳ ಎದುರಿಗೆ 'ಆರ್' (ಔಷಧಕ್ಕೆ ಬಗ್ಗದು) ಎಂದೂ ಅಮಿಕಾಸಿನ್, ನೈಟ್ರೊಫ್ಯುರಾಂಟೊಯಿನ್, ಮೆರೊಪೆನೆಮ್ ಇವುಗಳ ಎದುರಿಗೆ 'ಎಸ್' (ಔಷಧಕ್ಕೆ ಬಗ್ಗುತ್ತದೆ) ಎಂದೂ ಇತ್ತು. ವೈದ್ಯರು ಅದನ್ನು ನೋಡಿ ಔಷಧ ಬದಲಿಸಿದರು, ಈಗ ಆಯಿ ಗುಣವಾಗಿದ್ದಾರೆ. ಆದ್ದರಿಂದ ನಾನು ಕೇಳುತ್ತಿರುವುದು ಚಿಕಿತ್ಸೆಯ ಸಲಹೆಯನ್ನಲ್ಲ, ಇದರ ಕಾರಣವನ್ನು.

ಆಯಿ ಜ್ವರ ಬಂದರೂ ಕಷಾಯ ಕುಡಿದು ಮಲಗುವವರು. ಅವರು ಆಂಟಿಬಯೋಟಿಕ್ ತೆಗೆದುಕೊಂಡ ನೆನಪು ಮನೆಯಲ್ಲಿ ಯಾರಿಗೂ ಇಲ್ಲ. ಪರಿಚಿತರು 'ದೇಹಕ್ಕೆ ಮಾತ್ರೆ ಒಗ್ಗಿಹೋದರೆ ಹೀಗಾಗುತ್ತದೆ' ಎನ್ನುತ್ತಾರೆ. ಮಾತ್ರೆಯನ್ನೇ ನುಂಗದ ದೇಹಕ್ಕೆ ಅದು ಒಗ್ಗುವುದಾದರೂ ಹೇಗೆ? ರೋಗಾಣು ಈ ಶಕ್ತಿಯನ್ನು ಎಲ್ಲಿಂದ ಪಡೆಯಿತು, ಆಯಿಯವರೆಗೆ ಹೇಗೆ ಬಂತು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.


ಉತ್ತರ: ಸೂಕ್ಷ್ಮಲೋಕ (ಶಿರಸಿ ಮೂಲ, ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ)

ನಿಮ್ಮ ಸಂದೇಹ ಸರಿಯಾಗಿಯೇ ಇದೆ. ಔಷಧಕ್ಕೆ ಒಗ್ಗುವುದು ಮನುಷ್ಯನ ದೇಹವಲ್ಲ. ಬದಲಾಗುವುದು ಬ್ಯಾಕ್ಟೀರಿಯಾದ ಸಂತತಿ, ಮತ್ತು ಆ ಬದಲಾವಣೆ ನಿಮ್ಮ ಆಯಿಯ ದೇಹದಲ್ಲೇ ಆಗಿರಬೇಕೆಂದಿಲ್ಲ. ಬಹುಶಃ ಅವರಿಗೆ ಸೋಂಕು ತಗಲುವ ಎಷ್ಟೋ ಮೊದಲೇ, ಬೇರೆಲ್ಲೋ ಅದು ಆಗಿಹೋಗಿತ್ತು.

ಇ. ಕೊಲೈಗೆ ಪೋಷಣೆ ಚೆನ್ನಾಗಿದ್ದರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಈ ಲೆಕ್ಕದಲ್ಲಿ ಒಂದೇ ಕೋಶದಿಂದ 10 ಗಂಟೆಗಳಲ್ಲಿ 100 ಕೋಟಿಗೂ ಹೆಚ್ಚು ಕೋಶಗಳು ಹುಟ್ಟಬಹುದು. ಪ್ರತಿ ಬಾರಿ ಡಿಎನ್‌ಎ ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅಪರೂಪದ ತಪ್ಪೂ ಎಲ್ಲೋ ಒಂದು ಕೋಶದಲ್ಲಿ ಇದ್ದೇ ಇರುತ್ತದೆ. ಹೆಚ್ಚಿನ ತಪ್ಪುಗಳು ಕೋಶಕ್ಕೆ ಹಾನಿ ಮಾಡುತ್ತವೆ ಅಥವಾ ಏನನ್ನೂ ಮಾಡುವುದಿಲ್ಲ. ಆದರೆ ಒಂದು ತಪ್ಪು ಸಿಪ್ರೊಫ್ಲಾಕ್ಸಾಸಿನ್ ಹೋಗಿ ಅಂಟಿಕೊಳ್ಳುವ ಗೈರೇಸ್ ಎಂಬ ಕಿಣ್ವದ ಆಕಾರವನ್ನು ಸ್ವಲ್ಪ ಬದಲಿಸಿತೆಂದುಕೊಳ್ಳಿ. ಆ ಕೋಶಕ್ಕೆ ಔಷಧ ಮೊದಲಿನಂತೆ ತಾಗುವುದಿಲ್ಲ. ಔಷಧ ಬಂದಾಗ ಉಳಿದವೆಲ್ಲ ಸಾಯುತ್ತವೆ, ಇದು ಉಳಿದು ತೆರವಾದ ಜಾಗವನ್ನೆಲ್ಲ ತನ್ನ ಸಂತತಿಯಿಂದ ತುಂಬುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಲೇಬೇಕು. ಔಷಧವು ಈ ಬದಲಾವಣೆಯನ್ನು ಹುಟ್ಟಿಸುವುದಿಲ್ಲ, ಮೊದಲೇ ಹುಟ್ಟಿದ್ದನ್ನು ಆರಿಸುತ್ತದೆ. ಇದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ತೋರಿಸಿಕೊಟ್ಟರು. ಅವರು ಬ್ಯಾಕ್ಟೀರಿಯಾಗಳನ್ನು ಅನೇಕ ಪುಟ್ಟ ನಳಿಕೆಗಳಲ್ಲಿ ಪ್ರತ್ಯೇಕವಾಗಿ ಬೆಳೆಸಿ, ಆಮೇಲೆ ಅವುಗಳನ್ನು ಕೊಲ್ಲುವ ವೈರಸ್‌ಗೆ ಒಡ್ಡಿದರು. ವೈರಸ್ ಎದುರಾದ ಮೇಲೆ ಬ್ಯಾಕ್ಟೀರಿಯಾ ಹೊಂದಿಕೊಳ್ಳುವುದಾಗಿದ್ದರೆ ಎಲ್ಲ ನಳಿಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಕೋಶಗಳು ಬದುಕಿ ಉಳಿಯಬೇಕಿತ್ತು. ಹಾಗಾಗಲಿಲ್ಲ. ಬಹುತೇಕ ನಳಿಕೆಗಳಲ್ಲಿ ಒಂದೂ ಉಳಿಯಲಿಲ್ಲ ಅಥವಾ ಬೆರಳೆಣಿಕೆಯಷ್ಟು ಉಳಿದವು, ಕೆಲವೇ ನಳಿಕೆಗಳಲ್ಲಿ ಹಿಂಡುಗಟ್ಟಲೆ ಉಳಿದವು. ಬದಲಾವಣೆ ಆ ಕೆಲವು ನಳಿಕೆಗಳಲ್ಲಿ ವೈರಸ್ ಬರುವ ಮೊದಲೇ, ಬೇಗನೆ ಆಗಿತ್ತು ಎಂಬುದೊಂದೇ ಇದಕ್ಕೆ ವಿವರಣೆ. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಮಖಮಲ್ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾದ ಅಚ್ಚು ತೆಗೆದು, ಸ್ಟ್ರೆಪ್ಟೊಮೈಸಿನ್ನನ್ನು ಎಂದೂ ಕಾಣದ ತಟ್ಟೆಯಿಂದಲೇ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಕೋಶಗಳನ್ನು ಹೆಕ್ಕಿ ತೋರಿಸಿದರು. ಈ ಎರಡು ಪ್ರಯೋಗಗಳು ನಮ್ಮ ಕಾಲೇಜುಗಳಲ್ಲಿ ಇನ್ನಷ್ಟು ಆಸ್ಥೆಯಿಂದ ಪಾಠವಾಗಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ 'ಒಗ್ಗಿಹೋಗುವುದು' ಎಂಬ ತಪ್ಪು ಕಲ್ಪನೆ ಕಳಚಿ ಬೀಳುವುದು ಇಲ್ಲೇ.

ಇದು ಕತೆಯ ಅರ್ಧ ಮಾತ್ರ. ಇಎಸ್‌ಬಿಎಲ್ ಎಂದರೆ ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಗುಂಪಿನ ಔಷಧಗಳ ರಾಸಾಯನಿಕ ಉಂಗುರವನ್ನು ಒಡೆದುಹಾಕುವ ಕಿಣ್ವ. ಅಂತಹ ಕಿಣ್ವ ಒಂದು ಅಕ್ಷರದ ತಪ್ಪಿನಿಂದ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ, ಅದಕ್ಕೆ ಇಡೀ ಜೀನ್ ಬೇಕು. ಇಂದು ಇ. ಕೊಲೈಯಲ್ಲಿ ಹೆಚ್ಚಾಗಿ ಕಾಣುವ ಸಿಟಿಎಕ್ಸ್-ಎಂ ಎಂಬ ಕಿಣ್ವದ ಜೀನ್ ಮೂಲತಃ ಕ್ಲೈವೆರಾ ಎಂಬ, ಪರಿಸರದಲ್ಲಿ ಬದುಕುವ, ಮನುಷ್ಯನಿಗೆ ಅಷ್ಟಾಗಿ ತೊಂದರೆ ಕೊಡದ ಬ್ಯಾಕ್ಟೀರಿಯಾದ ಸ್ವತ್ತು. ಅಲ್ಲಿಂದ ಅದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗೆ ಸೇರಿಕೊಂಡಿತು. ಪ್ಲಾಸ್ಮಿಡ್ ತನ್ನ ಪಾಡಿಗೆ ನಕಲಾಗುತ್ತದೆ, ಎರಡು ಕೋಶಗಳು ತಾಗಿಕೊಂಡಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಆ ಎರಡು ಕೋಶಗಳು ಒಂದೇ ಜಾತಿಯವಾಗಿರಬೇಕೆಂಬ ನಿಯಮವೂ ಇಲ್ಲ.

ಇದು ಮೊದಲು ಸ್ಪಷ್ಟವಾಗಿ ಬೆಳಕಿಗೆ ಬಂದದ್ದು ಜಪಾನಿನಲ್ಲಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಆಮಶಂಕೆಗೆ ಸಲ್ಫಾ ಔಷಧಗಳನ್ನು, ಅವು ಸೋತಾಗ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್‌ಗಳನ್ನು ಬಳಸಿದರು. 1950ರ ದಶಕದಲ್ಲಿ ಈ ನಾಲ್ಕಕ್ಕೂ ಏಕಕಾಲದಲ್ಲಿ ಬಗ್ಗದ ಶಿಗೆಲ್ಲಾ ರೋಗಾಣು ಕಾಣಿಸಿಕೊಂಡಿತು. ನಾಲ್ಕು ಬೇರೆ ಬೇರೆ ತಪ್ಪುಗಳು ಒಂದೇ ಕೋಶದಲ್ಲಿ ಕೂಡಿ ಬರುವ ಸಂಭವ ತೀರಾ ಕಡಿಮೆ. 1959ರಲ್ಲಿ ಅಕಿಬಾ ಮತ್ತು ಒಚಿಯಾಯಿ ಅವರ ತಂಡಗಳು ಔಷಧಕ್ಕೆ ಬಗ್ಗದ ಕೋಶಗಳನ್ನೂ ಬಗ್ಗುವ ಕೋಶಗಳನ್ನೂ ಬೆರೆಸಿಟ್ಟು, ನಾಲ್ಕೂ ಗುಣಗಳು ಒಂದೇ ಗಂಟಾಗಿ ಇ. ಕೊಲೈ ಮತ್ತು ಶಿಗೆಲ್ಲಾಗಳ ನಡುವೆ ದಾಟುವುದನ್ನು ಕಂಡುಕೊಂಡವು. ನಮ್ಮ ಕರಾವಳಿಗೆ ಹತ್ತಿರದ ಉದಾಹರಣೆಯೂ ಇದೆ: 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ವಿಷಮಶೀತ ಜ್ವರದ ರೋಗಾಣುವಿನಲ್ಲಿ ಕ್ಲೋರಾಂಫೆನಿಕಾಲ್ ನಿರೋಧಕತೆ (ಆ ಔಷಧಕ್ಕೆ ಬಗ್ಗದ ಗುಣ) ಕಂಡುಬಂದಾಗ, ಅದು ಹೀಗೆ ದಾಟಬಲ್ಲ ಬಗೆಯದ್ದೇ ಎಂದು ಅಲ್ಲಿನ ವೈದ್ಯವಿಜ್ಞಾನಿಗಳು ತೋರಿಸಿದರು. ಅದೇ ವರ್ಷ ಮೆಕ್ಸಿಕೋದಲ್ಲೂ ಇಂತಹದೇ ಪಿಡುಗು ಎದ್ದಿತ್ತು.

ಈಗ ನಿಮ್ಮ ಆಯಿಯ ವಿಷಯ. ಮೂತ್ರದ ಸೋಂಕು ತರುವ ಇ. ಕೊಲೈ ಸಾಮಾನ್ಯವಾಗಿ ಅವರವರ ಕರುಳಿನಿಂದಲೇ ಬರುತ್ತದೆ. ಕರುಳಿಗೆ ಅದು ನೀರು, ಆಹಾರ, ಕೈಗಳ ಮೂಲಕ ಸೇರುತ್ತದೆ, ಯಾವ ತೊಂದರೆಯನ್ನೂ ಕೊಡದೆ ತಿಂಗಳುಗಟ್ಟಲೆ ಇರಬಲ್ಲದು. 2017ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ಪ್ರವಾಸಿಗರ ಮಲವನ್ನು ಪ್ರವಾಸದ ಮೊದಲೂ ನಂತರವೂ ಪರೀಕ್ಷಿಸಿದರು. ದಕ್ಷಿಣ ಏಷ್ಯಾಕ್ಕೆ ಬಂದುಹೋದವರಲ್ಲಿ ಸುಮಾರು 75 ಶೇಕಡಾ ಮಂದಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾಗಳನ್ನು ಹೊಸದಾಗಿ ಕರುಳಿನಲ್ಲಿ ಹೊತ್ತು ಮರಳಿದ್ದರು. ಪ್ರವಾಸದಲ್ಲಿ ಆಂಟಿಬಯೋಟಿಕ್ ನುಂಗಿದವರಿಗೆ ಈ ಅಪಾಯ ಹೆಚ್ಚಿತ್ತು ನಿಜ, ಆದರೆ ಮಾತ್ರೆ ಮುಟ್ಟದವರಿಗೂ ಅದು ಅಂಟಿತ್ತು. ಕೆಲವೇ ವಾರಗಳ ಅತಿಥಿಗಳ ಪಾಡು ಹೀಗಾದರೆ, ಇಲ್ಲೇ ಹುಟ್ಟಿ ಇಲ್ಲಿನ ನೀರು ಕುಡಿದು ಬದುಕಿರುವ ನಮ್ಮೆಲ್ಲರ ಕರುಳಿನಲ್ಲಿ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ನಿಮ್ಮ ಆಯಿಯದಾಗಲಿ ಮನೆಯವರದಾಗಲಿ ಇದರಲ್ಲಿ ತಪ್ಪೇನೂ ಇಲ್ಲ.


ಉತ್ತರ: ತೋಟದಮನೆ (ಶಿರಸಿ)

ಸೂಕ್ಷ್ಮಲೋಕ ಅವರ ಬರಹವನ್ನು ಓದುತ್ತಿದ್ದಂತೆ ಅಡಿಕೆ ತೋಟದ ಅನುಭವ ನೆನಪಾಯಿತು. ವಿಷಯಾಂತರವಲ್ಲವೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೊಳೆರೋಗಕ್ಕೆ ನಮ್ಮ ಹಿರಿಯರ ಕಾಲದಿಂದಲೂ ಹೊಡೆಯುತ್ತಿರುವುದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಈ ಮದ್ದು ಇಂದಿಗೂ ಕೆಲಸ ಮಾಡುತ್ತಿದೆ. ಇದಕ್ಕೆ ಹೋಲಿಸಿದರೆ 1970ರ ದಶಕದ ಕೊನೆಯಲ್ಲಿ ಬಂದ ಮೆಟಲಾಕ್ಸಿಲ್ ಎಂಬ ಮದ್ದು, ಗಿಡದೊಳಗೆ ಹರಿದು ಹೋಗುವ ಎಷ್ಟೇ ಒಳ್ಳೆಯ ಮದ್ದಾದರೂ, ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ 1980ರ ಹೊತ್ತಿಗೇ ಸೋತಿತು. ಅಲ್ಲಿನ ಅಂಗಮಾರಿ ರೋಗಾಣುವೂ ನಮ್ಮ ಕೊಳೆರೋಗದ ಫೈಟಾಫ್ತೊರಾ ಕುಲಕ್ಕೇ ಸೇರಿದ್ದು. ಕೃಷಿ ವಿಜ್ಞಾನಿಯೊಬ್ಬರು ಇದಕ್ಕೆ ಕಾರಣ ಹೇಳಿದ್ದರು: ತಾಮ್ರವು ರೋಗಾಣುವಿನ ಹಲವಾರು ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ, ಆದ್ದರಿಂದ ಒಂದು ಬದಲಾವಣೆಯಿಂದ ರೋಗಾಣು ತಪ್ಪಿಸಿಕೊಳ್ಳಲಾರದು. ಮೆಟಲಾಕ್ಸಿಲ್ ಆರ್‌ಎನ್‌ಎ ತಯಾರಿಸುವ ಒಂದೇ ಕಿಣ್ವವನ್ನು ಗುರಿಯಿಡುತ್ತದೆ, ಆ ಒಂದು ಬದಲಾದರೆ ಮದ್ದು ವ್ಯರ್ಥ. ಅದಕ್ಕಾಗಿಯೇ ಅಂಗಡಿಯಲ್ಲಿ ಸಿಗುವ ಪೊಟ್ಟಣದಲ್ಲಿ ಮೆಟಲಾಕ್ಸಿಲ್ ಜತೆ, ತಾಮ್ರದಂತೆ ಹಲವು ಕಡೆ ತಾಗುವ ಮ್ಯಾಂಕೊಜೆಬ್ ಬೆರೆಸಿರುತ್ತಾರೆ.

ನನಗೆ ಎರಡು ಪ್ರಶ್ನೆಗಳಿವೆ. ಮನುಷ್ಯರ ಔಷಧದಲ್ಲೂ ಹೀಗೆ ಎರಡನ್ನು ಬೆರೆಸಿ ಕೊಡುವ ಕ್ರಮ ಏಕಿಲ್ಲ? ಎರಡನೆಯದು, ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಭಾಗದ ತೋಟಗಳಿಗೆಲ್ಲ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಹೊಡೆಯುತ್ತಿದ್ದೇವೆ. ಹೆಸರಿನ ಬಾಲ ನೋಡಿದರೆ ಇವು ಆಸ್ಪತ್ರೆಯಲ್ಲಿ ಶಿಲೀಂಧ್ರ ಸೋಂಕಿಗೆ ಕೊಡುವ ಔಷಧಗಳ ಸಂಬಂಧಿಗಳಂತೆ ಕಾಣುತ್ತವೆ. ಇದರಿಂದ ಮನುಷ್ಯರಿಗೆ ತೊಂದರೆ ಇದೆಯೇ?


ಉತ್ತರ: ಸೂಕ್ಷ್ಮಲೋಕ

ತೋಟದಮನೆ ಅವರೇ, ತಮ್ಮ ಎರಡೂ ಪ್ರಶ್ನೆಗಳು ವಿಷಯದ ಒಳಗೇ ಇವೆ.

ಬೆರೆಸಿ ಕೊಡುವ ಕ್ರಮ ಇದೆ, ಕ್ಷಯರೋಗದ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ಪರೀಕ್ಷಿಸಿದಾಗ ರೋಗಿಗಳು ಮೊದಲು ಚೇತರಿಸಿಕೊಂಡರು. ಆಮೇಲೆ ಅವರಲ್ಲಿ ಅನೇಕರ ಕಫದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ತುಂಬಿಕೊಂಡವು. ಲೆಕ್ಕ ಹೀಗಿದೆ: ಐಸೋನಿಯಾಜಿಡ್‌ಗೆ ಬಗ್ಗದ ಕೋಶ ಸುಮಾರು 10 ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೊಂದು ತಾನಾಗಿಯೇ ಇರುತ್ತದೆ ಎಂದು ಅಂದಾಜು. ಶ್ವಾಸಕೋಶದಲ್ಲಿ ಕ್ಷಯದಿಂದಾದ ಒಂದು ಕುಳಿಯಲ್ಲಿ 10 ಕೋಟಿಯಷ್ಟು ರೋಗಾಣುಗಳಿರಬಹುದು. ಅಂದರೆ ಯಾವುದೇ ಒಂದು ಔಷಧವನ್ನು ಮಾತ್ರ ಕೊಟ್ಟರೆ ಅದನ್ನು ಮೀರಿ ಉಳಿಯುವ ಕೋಶ ಅಲ್ಲಿ ಮೊದಲೇ ಕಾದು ಕುಳಿತಿರುತ್ತದೆ. ಎರಡಕ್ಕೂ ಬಗ್ಗದ ಕೋಶ ಬೇಕೆಂದರೆ ಒಂದರ ಮುಂದೆ 14 ಸೊನ್ನೆ ಬರೆದಷ್ಟು ಕೋಶಗಳಲ್ಲಿ ಹುಡುಕಬೇಕು, ಅಷ್ಟು ರೋಗಾಣುಗಳು ಯಾವ ರೋಗಿಯಲ್ಲೂ ಇರುವುದಿಲ್ಲ. ರಿಫಾಂಪಿಸಿನ್ ಕೂಡ ಬ್ಯಾಕ್ಟೀರಿಯಾದ ಆರ್‌ಎನ್‌ಎ ತಯಾರಿಸುವ ಕಿಣ್ವವನ್ನೇ ಹಿಡಿಯುತ್ತದೆ ಎಂಬುದು ತಮ್ಮ ಮೆಟಲಾಕ್ಸಿಲ್ ಮಾತಿಗೆ ಸರಿಯಾಗಿ ಹೊಂದುತ್ತದೆ. ಆ ಕಿಣ್ವದ ಜೀನ್‌ನ ಒಂದು ಚಿಕ್ಕ ಭಾಗದಲ್ಲಿ ಬದಲಾವಣೆಯಾಗಿದೆಯೇ ಎಂಬುದನ್ನು ಕ್ಷಯ ಪರೀಕ್ಷೆಯ ಸಿಬಿನಾಟ್ ಯಂತ್ರ ಈಗ ಸುಮಾರು 2 ಗಂಟೆಗಳಲ್ಲಿ ಹೇಳುತ್ತದೆ.

ಬೇರೆ ಸೋಂಕುಗಳಲ್ಲಿ ಬೆರಕೆ ಇಷ್ಟು ಸರಳವಾಗಿ ಫಲಿಸುವುದಿಲ್ಲ. ಕ್ಷಯದ ರೋಗಾಣು ಪ್ಲಾಸ್ಮಿಡ್‌ಗಳನ್ನು ಬೇರೆಯವರಿಂದ ಪಡೆಯುವುದಿಲ್ಲ, ಅದರ ನಿರೋಧಕತೆ ಪೂರ್ತಿಯಾಗಿ ಅದರ ಸ್ವಂತ ತಪ್ಪುಗಳಿಂದಲೇ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಐದಾರು ಔಷಧಗಳನ್ನು ಸೋಲಿಸುವ ಜೀನ್‌ಗಳು ಒಂದೇ ಪ್ಲಾಸ್ಮಿಡ್‌ನಲ್ಲಿ ಒಟ್ಟಾಗಿ ಸಿಗುತ್ತವೆ. ಅಲ್ಲಿ ಎರಡು ಔಷಧ ಬೆರೆಸಿದರೆ ಕೆಲವೊಮ್ಮೆ ಆ ಗಂಟನ್ನೇ ಆರಿಸಿದಂತಾಗುತ್ತದೆ.

ಅಜೋಲ್‌ಗಳ (ಹೆಸರು 'ಅಜೋಲ್' ಎಂದು ಮುಗಿಯುವ ಶಿಲೀಂಧ್ರನಾಶಕಗಳ) ಬಗೆಗಿನ ತಮ್ಮ ಸಂದೇಹವೂ ನಿಜ. ಕೊಳೆತ ಸಸ್ಯವಸ್ತುಗಳಲ್ಲಿ ಬೆಳೆಯುವ ಆಸ್ಪರ್‌ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರ ಗಾಳಿಯ ಮೂಲಕ ನಮ್ಮ ಶ್ವಾಸಕೋಶ ಸೇರುತ್ತದೆ. ಆರೋಗ್ಯವಂತರಿಗೆ ಅದು ಏನನ್ನೂ ಮಾಡುವುದಿಲ್ಲ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾರಕವಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1990ರ ದಶಕದ ಕೊನೆಯಿಂದ, ಅಜೋಲ್ ಔಷಧವನ್ನು ಎಂದೂ ತೆಗೆದುಕೊಳ್ಳದ ರೋಗಿಗಳಲ್ಲಿ ಅಜೋಲ್‌ಗೆ ಬಗ್ಗದ ಆಸ್ಪರ್‌ಜಿಲಸ್ ಸಿಗಲಾರಂಭಿಸಿತು. ಅದೇ ಜೀನ್ ಬದಲಾವಣೆ ಹೊಲದ ಮಣ್ಣಿನಲ್ಲೂ ಸಸ್ಯತ್ಯಾಜ್ಯದ ರಾಶಿಗಳಲ್ಲೂ ಕಂಡುಬಂತು. ಆಮೇಲೆ ಭಾರತದಲ್ಲೂ ಅದು ವರದಿಯಾಗಿದೆ. ಎಲೆಚುಕ್ಕಿಯಿಂದ ತೋಟ ಉಳಿಸಿಕೊಳ್ಳಬೇಕಾದ ರೈತರಿಗೆ ಹೊಡೆಯಬೇಡಿ ಎನ್ನುವ ಅಧಿಕಾರ ನನಗಿಲ್ಲ. ಶಿಫಾರಸಾದ ಪ್ರಮಾಣ ಮೀರದಿರುವುದು, ರೋಗವಿಲ್ಲದಾಗ ಹೊಡೆಯದಿರುವುದು, ಬೇರೆ ಬಗೆಯ ಮದ್ದಿನೊಂದಿಗೆ ಸರದಿ ಬದಲಿಸುವುದು ಇಷ್ಟನ್ನಾದರೂ ಪಾಲಿಸಬೇಕು.


ಉತ್ತರ: ಮದ್ದಿನಂಗಡಿ (ಹೊನ್ನಾವರ)

ಔಷಧ ಅಂಗಡಿಯ ಕಟ್ಟೆಯ ಈಚೆ ನಿಂತವನಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ.

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಅನುಸೂಚಿಯ ಪ್ರಕಾರ ಸೆಫಿಕ್ಸಿಮ್‌ನಂತಹ ಅನೇಕ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು, ಔಷಧ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ನಿಯಮ ಹೀಗಿದ್ದರೂ ಕೇಳುವವರು ಕೇಳುತ್ತಲೇ ಇರುತ್ತಾರೆ. ಬೋಟಿನಲ್ಲಿ ಹಲವು ದಿನಗಳ ಮೀನುಗಾರಿಕೆಗೆ ಹೊರಡುವವರು 'ಸಮುದ್ರದ ನಡುವೆ ಜ್ವರ ಬಂದರೆ ಡಾಕ್ಟರು ಎಲ್ಲಿ ಸಿಗುತ್ತಾರೆ' ಎಂದು ಎರಡು ಮಾತ್ರೆ ಕೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಎರಡು ಮಾತ್ರೆ ಯಾವ ಸೋಂಕನ್ನೂ ಗುಣಪಡಿಸುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ತಿಳಿಯದ ಮನುಷ್ಯ ಕಡಿಮೆ ಪ್ರಮಾಣದಲ್ಲಿ ಔಷಧ ನುಂಗಿ ರೋಗಾಣುಗಳನ್ನು ಸಾಯಿಸದೆ ಬಲಿಸುವ ಅಪಾಯವಿದೆಯೆಂದು ಎಚ್ಚರಿಸಿದ್ದರು.

ನಮ್ಮ ಜಿಲ್ಲೆಯ ಜ್ವರಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಮಂಗನ ಕಾಯಿಲೆ, ಡೆಂಗಿ ಇವು ವೈರಸ್‌ನಿಂದ ಬರುವಂಥವು, ಅವುಗಳ ಮೇಲೆ ಯಾವ ಆಂಟಿಬಯೋಟಿಕ್ ಕೂಡ ಕೆಲಸ ಮಾಡದು. ಆದರೆ ಗದ್ದೆಯ ನೀರಿನಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುವುದು, ಅದಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ಮೊದಲ ದಿನಗಳಲ್ಲಿ ಎಲ್ಲವೂ ಮೈಕೈ ನೋವು, ತಲೆನೋವು, ಜ್ವರವೇ. ಆದ್ದರಿಂದ 'ಆಂಟಿಬಯೋಟಿಕ್ ಬೇಡವೇ ಬೇಡ' ಎಂದು ಮನೆಯಲ್ಲೇ ಉಳಿಯುವುದೂ ತಪ್ಪು, 'ಯಾವುದಕ್ಕೂ ಇರಲಿ' ಎಂದು ನುಂಗುವುದೂ ತಪ್ಪು. ರಕ್ತಪರೀಕ್ಷೆ ತಾಲೂಕು ಮಟ್ಟದಲ್ಲಿ ಬೇಗ ಸಿಗುವಂತಾದರೆ ನನ್ನಂತಹವರ ಮೇಲಿನ ಒತ್ತಡ ಅರ್ಧ ಇಳಿದೀತು.

ಕೋರ್ಸ್ ಪೂರ್ತಿ ಮಾಡಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ. ಇದನ್ನು ಈ ಚರ್ಚೆಯಲ್ಲಿ ಯಾರೂ ಒತ್ತಿ ಹೇಳದಿರುವುದು ನನಗೆ ಕೊರತೆಯಾಗಿ ಕಂಡಿತು.


ಉತ್ತರ: ಸೂಕ್ಷ್ಮಲೋಕ

ಮದ್ದಿನಂಗಡಿ ಅವರೇ, ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು, ರೋಗಿ ತಾನಾಗಿ ನಿಲ್ಲಿಸಬಾರದು ಎಂಬುದಕ್ಕೆ ನನ್ನ ಸಹಮತವಿದೆ. ಆದರೆ ಕೋರ್ಸ್ ಉದ್ದವಾದಷ್ಟೂ ನಿರೋಧಕತೆ ಕಡಿಮೆಯಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇದ್ದರೆ, ಅದು ಕ್ಷಯರೋಗಕ್ಕೆ ಮಾತ್ರ ಸರಿಯಾಗಿ ಹೊಂದುವ ಮಾತು. ಅಲ್ಲಿ ಔಷಧವನ್ನು ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ, ನಿರೋಧಕ ತಳಿಗಳು ಮೇಲೇಳುತ್ತವೆ.

ಉಳಿದ ಎಷ್ಟೋ ಸೋಂಕುಗಳಲ್ಲಿ ನಿರೋಧಕತೆ ಹುಟ್ಟುವ ಮುಖ್ಯ ತಾಣ ರೋಗಾಣುವಲ್ಲ, ಪಕ್ಕದಲ್ಲಿ ಸುಮ್ಮನೆ ಬದುಕಿರುವ ನಿರಪರಾಧಿ ಬ್ಯಾಕ್ಟೀರಿಯಾಗಳು. ಗಂಟಲಿನ ಸೋಂಕಿಗೆ ನುಂಗಿದ ಮಾತ್ರೆ ರಕ್ತದ ಮೂಲಕ ಗಂಟಲನ್ನೂ ತಲುಪುತ್ತದೆ, ಕರುಳನ್ನೂ ತಲುಪುತ್ತದೆ. ಕರುಳಿನಲ್ಲಿರುವ ಕೋಟ್ಯಂತರ ಕೋಶಗಳಲ್ಲಿ ಔಷಧ ತಾಳಿಕೊಳ್ಳಬಲ್ಲವು ಉಳಿಯುತ್ತವೆ, ತಮ್ಮ ಪ್ಲಾಸ್ಮಿಡ್‌ಗಳನ್ನು ಹಂಚುತ್ತವೆ. ಚಿಕಿತ್ಸೆ ಒಂದೊಂದು ದಿನ ಮುಂದುವರಿದಂತೆ ಈ ಆಯ್ಕೆಯೂ ಮುಂದುವರಿಯುತ್ತದೆ. ಸಾಧಾರಣ ತೀವ್ರತೆಯ ನ್ಯುಮೋನಿಯಾಕ್ಕೆ 5 ದಿನಗಳ ಚಿಕಿತ್ಸೆ ಅನೇಕರಿಗೆ ಸಾಕಾಗುತ್ತದೆಂದು ಪರೀಕ್ಷೆಗಳಿಂದ ಕಂಡುಕೊಂಡ ಮೇಲೆ ವೈದ್ಯರು ಅವಧಿಯನ್ನು ಕಡಿಮೆ ಮಾಡುತ್ತಿರುವುದು ಇದೇ ಕಾರಣಕ್ಕೆ. ಹೀಗಾಗಿ ತಾವು ಗ್ರಾಹಕರಿಗೆ 'ಚೀಟಿಯಲ್ಲಿ ಇದ್ದಷ್ಟು ದಿನ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆ ಇಟ್ಟುಕೊಳ್ಳಬೇಡಿ' ಎಂದರೆ ಹೆಚ್ಚು ನಿಖರವಾಗುತ್ತದೆ.


ಉತ್ತರ: ಗಜನಿ (ಕುಮಟಾ)

ಸೀಗಡಿ ಕೃಷಿಯ ಮಾತು ಇನ್ನೂ ಬಂದಿಲ್ಲ. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಒಂದು ಕಾಲಕ್ಕೆ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರಿನೊಂದಿಗೆ ಬಂದ ಮೀನು ಸೀಗಡಿ ಹಿಡಿಯುತ್ತಿದ್ದ ಜಾಗಗಳಲ್ಲಿ ಈಗ ಅನೇಕ ಕಡೆ ಸೀಗಡಿ ಹೊಂಡಗಳಿವೆ. ನಾನು ಮೀನುಗಾರಿಕೆ ಓದಿ, ಈ ಹೊಂಡಗಳ ಕೆಲಸದಲ್ಲೇ ಇರುವವನು.

ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಮುಂತಾದವುಗಳನ್ನು ಸೀಗಡಿ ಸಾಕಣೆಯಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ. ರಫ್ತಾಗುವ ಸರಕಿನಲ್ಲಿ ಇವುಗಳ ಶೇಷ ಸಿಕ್ಕರೆ ಯುರೋಪಿನ ದೇಶಗಳು ಇಡೀ ಸರಕನ್ನು ಹಿಂತಿರುಗಿಸುತ್ತವೆ, ಆದ್ದರಿಂದ ರಫ್ತಿನ ಸೀಗಡಿಯ ಮೇಲೆ ಕಣ್ಣಿದೆ. ನನಗೆ ಬೇಸರ ತರುವ ಸಂಗತಿ ಬೇರೆ. ಭಾರತದ ಸೀಗಡಿ ಕೃಷಿಯನ್ನು 1990ರ ದಶಕದ ನಡುವಿನಿಂದ ಕಾಡುತ್ತಿರುವ ಬಿಳಿಚುಕ್ಕೆ ರೋಗ ವೈರಸ್‌ನಿಂದ ಬರುವಂಥದ್ದು. ಸಾಲ ಮಾಡಿ ಹೊಂಡ ಹಾಕಿದವನು ಸೀಗಡಿ ದಡಕ್ಕೆ ಬಂದು ಸಾಯುವುದನ್ನು ನೋಡಿದಾಗ ಕೈಗೆ ಸಿಕ್ಕ ಮದ್ದನ್ನು ಸುರಿಯುತ್ತಾನೆ, ಅದರಿಂದ ಒಂದು ಸೀಗಡಿಯೂ ಉಳಿಯುವುದಿಲ್ಲ. ಆಹಾರದಲ್ಲಿ ಬೆರೆಸಿದ ಔಷಧದ ಬಹುಭಾಗ ತಿನ್ನದೆ ಉಳಿದ ಆಹಾರದ ಜತೆಗೆ, ಹಿಕ್ಕೆಯ ಜತೆಗೆ ಕೆಸರಿಗೆ ಇಳಿಯುತ್ತದೆ. ಆಕ್ಸಿಟೆಟ್ರಾಸೈಕ್ಲಿನ್ ಅಂತಹ ಕೆಸರಿನಲ್ಲಿ ಬಹುಕಾಲ ಇರಬಲ್ಲದು. ಹೊಂಡದ ಬಾಗಿಲು ತೆಗೆದಾಗ ಆ ನೀರು ಅಳಿವೆಗೆ ಹೋಗುತ್ತದೆ.

ಅಳಿವೆಯ ನೀರನ್ನು ಸೋಸಿ ಬದುಕುವ ಬಳಚು, ಕಲ್ವಗಳು ನೀರಿನ ಬ್ಯಾಕ್ಟೀರಿಯಾಗಳನ್ನು ತಮ್ಮೊಳಗೆ ಒಟ್ಟುಗೂಡಿಸುತ್ತವೆ. ಇದನ್ನು ಓದಿ ಯಾರೂ ಬಳಚು ತಿನ್ನುವುದನ್ನು ಬಿಡಬಾರದು, ಅದನ್ನು ಹೆಕ್ಕಿ ಬದುಕುವ ಕುಟುಂಬಗಳು ಅನೇಕ ಇವೆ, ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಸೂಕ್ಷ್ಮಲೋಕ ಅವರಲ್ಲಿ ನನ್ನ ಪ್ರಶ್ನೆ: ಉಪ್ಪುನೀರಿನ ಬ್ಯಾಕ್ಟೀರಿಯಾದ ಜೀನ್ ನಿಜವಾಗಿ ಮನುಷ್ಯನ ರೋಗಾಣುವಿಗೆ ದಾಟುತ್ತದೆಯೇ, ಅಥವಾ ಇದು ಬರೀ ಊಹೆಯೇ?


ಮರುಪ್ರಶ್ನೆ: ಕಾಳಿತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆಯಿಗೆ ಇದನ್ನೆಲ್ಲ ಓದಿ ಹೇಳಿದೆ, ತನ್ನಿಂದ ಏನೋ ತಪ್ಪಾಗಿದೆಯೆಂಬ ಕೊರಗು ಅವರಿಗೆ ಇತ್ತೆಂದು ನನಗೆ ಆಗಲೇ ತಿಳಿದದ್ದು.

ಗಜನಿ ಅವರ ಪ್ರಶ್ನೆಯ ಜತೆಗೆ ನನ್ನದೂ ಎರಡಿವೆ. ಒಂದು ಔಷಧವನ್ನು ಎಲ್ಲರೂ ಕೆಲಕಾಲ ಬಿಟ್ಟರೆ ಅದು ಮತ್ತೆ ಕೆಲಸ ಮಾಡೀತೇ? ಆಯಿಯ ಮೂತ್ರವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡಿಕೊಳ್ಳಬೇಕೇ?


ಉತ್ತರ: ಸೂಕ್ಷ್ಮಲೋಕ

ಗಜನಿ ಅವರೇ, ಅದು ಊಹೆಯಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಿಂದ ಗೈರೇಸ್ ಕಿಣ್ವವನ್ನು ಕಾಪಾಡುವ ಕ್ಯುಎನ್ಆರ್-ಎ ಎಂಬ ಜೀನ್ ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಪ್ಲಾಸ್ಮಿಡ್‌ಗಳ ಮೇಲೆ ಸಿಗುತ್ತದೆ. ಅದರ ಮೂಲ ಒಡೆಯ ಶೆವನೆಲ್ಲಾ ಆಲ್ಗೆ ಎಂಬ ಸಮುದ್ರವಾಸಿ ಬ್ಯಾಕ್ಟೀರಿಯಾ. ಮಣ್ಣು ಮತ್ತು ನೀರಿನ ಬ್ಯಾಕ್ಟೀರಿಯಾಗಳಲ್ಲಿ ಇಂತಹ ಜೀನ್‌ಗಳು ಇರುವುದು ಹೊಸತಲ್ಲ. ಕೆನಡಾದ ಯುಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಪೆನಿಸಿಲಿನ್ ಗುಂಪು, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಇವುಗಳನ್ನು ಎದುರಿಸುವ ಜೀನ್‌ಗಳು ಸಿಕ್ಕಿದ್ದನ್ನು 2011ರಲ್ಲಿ ಪ್ರಕಟಿಸಲಾಯಿತು. ಆಂಟಿಬಯೋಟಿಕ್‌ಗಳನ್ನು ಮೊದಲು ತಯಾರಿಸಿದ್ದೇ ಮಣ್ಣಿನ ಜೀವಿಗಳು, ಅವುಗಳಿಂದ ಉಳಿದುಕೊಳ್ಳುವ ಉಪಾಯಗಳೂ ಅಷ್ಟೇ ಹಳೆಯವು. ನಾವು ಮಾಡಿರುವುದು ಆ ಹಳೆಯ ಜೀನ್‌ಗಳು ಊರಿಂದೂರಿಗೆ ಲಾಭದಿಂದ ಸಂಚರಿಸುವಂತಹ ಸ್ಥಿತಿಯನ್ನು ಒಂದೇ ಶತಮಾನದೊಳಗೆ ನಿರ್ಮಿಸಿದ್ದು. ಹೊಂಡಕ್ಕೆ ಔಷಧವೂ ಅದೇ ಅಳಿವೆಗೆ ಊರಿನ ಶೌಚದ ನೀರೂ ಸೇರಿದರೆ, ಸಮುದ್ರದ ಬ್ಯಾಕ್ಟೀರಿಯಾ ಮತ್ತು ಕರುಳಿನ ಬ್ಯಾಕ್ಟೀರಿಯಾ ಔಷಧದ ಸಮ್ಮುಖದಲ್ಲಿ ಭೇಟಿಯಾಗುತ್ತವೆ. ಮಲಿನ ನೀರನ್ನು ಶುದ್ಧೀಕರಿಸದೆ ಬಿಡುವುದನ್ನು ನಿಲ್ಲಿಸುವುದು ಮಾತ್ರೆಯ ಮಿತಬಳಕೆಯಷ್ಟೇ ಮುಖ್ಯ ಎಂದು ನಾನು ನಂಬಿರುವುದು ಇದರಿಂದಲೇ. ವಿಷಮಶೀತ ಜ್ವರದ ಲಸಿಕೆಯನ್ನೂ ಇದೇ ಸಾಲಿನಲ್ಲಿ ಇಡುತ್ತೇನೆ, ಬಾರದ ಸೋಂಕಿಗೆ ಔಷಧ ಬೇಕಾಗುವುದಿಲ್ಲ.

ಕಾಳಿತೀರ ಅವರೇ, ಬಿಟ್ಟ ಔಷಧ ಮರಳಿ ಕೆಲಸ ಮಾಡಿದ ಉದಾಹರಣೆಗಳಿವೆ. ಆಫ್ರಿಕಾದ ಮಲಾವಿ ದೇಶ ಮಲೇರಿಯಾಕ್ಕೆ ಕ್ಲೋರೊಕ್ವಿನ್ ಬಳಸುವುದನ್ನು 1993ರಲ್ಲಿ ಕೈಬಿಟ್ಟಿತು. ಸುಮಾರು ಒಂದು ದಶಕದಲ್ಲಿ ಅಲ್ಲಿನ ಮಲೇರಿಯಾ ಪರಾವಲಂಬಿಗಳು ಮತ್ತೆ ಕ್ಲೋರೊಕ್ವಿನ್‌ಗೆ ಬಗ್ಗುವಂತಾದವು, ಏಕೆಂದರೆ ನಿರೋಧಕ ಗುಣ ಹೊತ್ತ ಪರಾವಲಂಬಿ ಔಷಧವಿಲ್ಲದ ಕಡೆ ಉಳಿದವುಗಳೊಂದಿಗೆ ಸ್ಪರ್ಧಿಸಲಾರದೆ ಹಿಂದೆ ಬಿದ್ದಿತು. ಕಲ್ಲಿಕೋಟೆಯ ಪ್ರಸಂಗದಲ್ಲಿ ಹೇಳಿದ ಕ್ಲೋರಾಂಫೆನಿಕಾಲ್ ಕೂಡ, ವಿಷಮಶೀತಕ್ಕೆ ಅದರ ಬಳಕೆ ಕುಗ್ಗಿದ ಮೇಲೆ, ಭಾರತದ ಅನೇಕ ಕಡೆ ಆ ರೋಗಾಣುವಿನ ಮೇಲೆ ಮತ್ತೆ ಪರಿಣಾಮಕಾರಿಯಾಗಿದೆ. ಆದರೆ ಎಲ್ಲ ಔಷಧಗಳಿಗೂ ಈ ಭಾಗ್ಯವಿಲ್ಲ. ನಿರೋಧಕತೆಯಿಂದಾದ ದೌರ್ಬಲ್ಯವನ್ನು ಸರಿದೂಗಿಸುವ ಇನ್ನೊಂದು ಬದಲಾವಣೆ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಆಗಿಬಿಡುತ್ತದೆ. ಕೆಲವು ಪ್ಲಾಸ್ಮಿಡ್‌ಗಳಂತೂ ತಮ್ಮನ್ನು ಕಳೆದುಕೊಂಡ ಕೋಶವನ್ನೇ ಕೊಲ್ಲುವ ವಿಷದ ಏರ್ಪಾಡನ್ನು ಹೊತ್ತಿರುತ್ತವೆ. ಐದು ಜೀನ್‌ಗಳು ಒಂದೇ ಪ್ಲಾಸ್ಮಿಡ್‌ನಲ್ಲಿದ್ದರೆ, ನಾಲ್ಕು ಔಷಧಗಳನ್ನು ಬಿಟ್ಟು ಐದನೆಯದನ್ನು ಬಳಸುತ್ತಿದ್ದರೂ ಐದೂ ಉಳಿಯುತ್ತವೆ. ಇಎಸ್‌ಬಿಎಲ್ ಈ ಎರಡನೇ ಬಗೆಯದು, ಅದು ಬೇಗ ಮರೆಯಾಗುವ ಲಕ್ಷಣಗಳಿಲ್ಲ.

ಕೊನೆಯ ಪ್ರಶ್ನೆಗೆ ಉತ್ತರ: ಬೇಡ. ವಯಸ್ಸಾದ ಅನೇಕ ಹೆಂಗಸರ ಮೂತ್ರದಲ್ಲಿ ಉರಿಯಾಗಲಿ ಜ್ವರವಾಗಲಿ ಇಲ್ಲದೆಯೂ ಬ್ಯಾಕ್ಟೀರಿಯಾ ಇರುತ್ತದೆ. ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಕ್ರಿಯೆಗಳಿಗೆ ಒಳಗಾಗುವವರನ್ನು ಬಿಟ್ಟರೆ ಅದಕ್ಕೆ ಔಷಧ ಕೊಡುವುದರಿಂದ ಪ್ರಯೋಜನವಿಲ್ಲವೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಲಕ್ಷಣವಿಲ್ಲದಾಗ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಏನಾದರೂ ಸಿಗುತ್ತದೆ, ಸಿಕ್ಕಿದ್ದಕ್ಕೆ ಯಾರಾದರೂ ಔಷಧ ಬರೆಯುತ್ತಾರೆ, ಆ ಔಷಧ ಕರುಳಿನಲ್ಲಿ ಇನ್ನೊಂದು ಸುತ್ತಿನ ಆಯ್ಕೆಯನ್ನು ನಡೆಸುತ್ತದೆ. ಆಯಿಗೆ ಮತ್ತೆ ಉರಿ, ಜ್ವರ, ಸೊಂಟದ ಪಕ್ಕದಲ್ಲಿ ನೋವು ಕಾಣಿಸಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಹಳೆಯ ಕಲ್ಚರ್ ವರದಿಯನ್ನು ಜತೆಗೆ ಒಯ್ಯಿರಿ ಮತ್ತು ಮೊದಲ ಮಾತ್ರೆ ಕೊಡುವ ಮುಂಚೆಯೇ ಮೂತ್ರದ ಮಾದರಿ ತೆಗೆದುಕೊಳ್ಳುವಂತೆ ಕೇಳಿಕೊಳ್ಳಿ. ಮಾತ್ರೆ ಶುರುವಾದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಆಗ ಯಾವ ಔಷಧ ತಾಗುತ್ತದೆಂದು ನಮಗೆ ಪ್ರಯೋಗಾಲಯದಲ್ಲಿ ಹೇಳಲಾಗುವುದಿಲ್ಲ.